ಗದ್ದದ ಮಟ್ಟದ ಕೋಲು

ನೆಲ ಒರೆಸುವ ಬಟ್ಟೆ ಹಿಂಡಿ ಹಿಂಡಿ ಹೆಂಡತಿಯ ಮಣಿಕಟ್ಟು ಊದಿಕೊಂಡಿತ್ತು. ಲೇತ್ ಕೆಲಸದ ಗಂಡ ಮೂರು ತಿಂಗಳು ತನ್ನ ವರ್ಕ್‌ಶಾಪಿನಲ್ಲಿ ಒದ್ದಾಡಿ ಹೊಸದೊಂದು ಮಾಪ್ ಮಾಡಿ ತಂದ. ಕೋಲನ್ನು ಕೆಳಕ್ಕೆ ಒತ್ತಿದರೆ ಸಾಕು, ಒಳಗಿನ ಸ್ಕ್ರೂ ತಿರುಗಿ ಬಟ್ಟೆ ತಾನೇ ಹಿಂಡಿಕೊಳ್ಳುತ್ತಿತ್ತು.

"ಇದನ್ನ ಇನ್ನೂ ಯಾರಿಗೂ ತೋರ್ಸಿಲ್ಲ ಕಣೇ. ನೀನೇ ಮೊದಲು," ಎಂದ. "ಕೋಲು ಒರೆಸೋರ ಗದ್ದದ ಮಟ್ಟಕ್ಕಿರ್ಬೇಕು. ಹೆಚ್ಚುಕಮ್ಮಿ ಆದ್ರೆ ಸೊಂಟ ಹಿಡ್ಕೊಳ್ಳತ್ತೆ."

"ನನ್ನ ಅಳತೆ ಯಾವಾಗ ತಗೊಂಡ್ರಿ?"

"ಟೇಪ್ ಯಾಕೆ? ಕಣ್ಣಳತೆ ಸಾಕು. ಇಪ್ಪತ್ತು ವರ್ಷದಲ್ಲಿ ಕಾಲಿಂಚೂ ತಪ್ಪಿಲ್ಲ."

ಅವಳು ಮಾಪನ್ನು ನೆಟ್ಟಗೆ ನಿಲ್ಲಿಸಿ ನೋಡಿದಳು. ಕೋಲಿನ ತುದಿ ಅವಳ ಹಣೆಯನ್ನೂ ದಾಟಿತ್ತು.

"ಉದ್ದ ಆಯ್ತಲ್ರೀ."

"ಮೊದಲ್ನೇದಲ್ವಾ... ಕತ್ತರಿಸಿ ಕೊಡ್ತೀನಿ ಬಿಡು."

ಅಷ್ಟರಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದ ಎತ್ತರದ ಹೆಂಗಸು ಕರಿಬೇವು ಕೇಳಿಕೊಂಡು ಬಂದಳು. ಮಾಪ್ ಕಂಡದ್ದೇ ಅವಳ ಮುಖ ಅರಳಿತು.

"ಅಬ್ಬಾ, ಅಂತೂ ಮುಗೀತಾ ಇದು!"

ಅಂದವಳೇ ಅದನ್ನು ಎಳೆದುಕೊಂಡು, ಕೋಲಿನ ತುದಿಗೆ ಗದ್ದವೂರಿ ಆರಾಮಾಗಿ ನಿಂತಳು. ಬಗ್ಗಬೇಕಾಗಲಿಲ್ಲ, ತುದಿಗಾಲಲ್ಲಿ ನಿಲ್ಲಬೇಕಾಗಲಿಲ್ಲ.

ಗಂಡ ತಲೆ ತಗ್ಗಿಸಿ ಚೀಲದಲ್ಲಿ ಗರಗಸ ಹುಡುಕತೊಡಗಿದ.

"ಕತ್ತರಿಸೋದೇನೂ ಬೇಡ ರೀ," ಹೆಂಡತಿ ಹೇಳಿದಳು. "ನಿಮ್ಮ ಕಣ್ಣಳತೆ ಕಾಲಿಂಚೂ ತಪ್ಪಿಲ್ಲ."