ಬಾದಲ್ ಬೆನ್ನಿನ ಗಂಟು

ಇಂದುಶ್ರೀಗೆ ಹದಿನೇಳು ವರ್ಷ. ಮೈಸೂರಿನ ಹೊರವಲಯದ ಒಂದು ಸವಾರಿ ಶಾಲೆಯಲ್ಲಿ ಕುದುರೆ ಜಿಗಿತದ ಅಭ್ಯಾಸ ಮಾಡುತ್ತಿದ್ದಳು.

ಅವಳ ಕುದುರೆ ಬಾದಲ್. ಬೂದು ಬಣ್ಣ, ಮಗುವಿನಂಥ ಸ್ವಭಾವ.

ರಾಷ್ಟ್ರಮಟ್ಟದ ಸ್ಪರ್ಧೆಗೆ ಇನ್ನು ಐದೇ ವಾರ...

ಆದರೆ ಬಾದಲ್ ಜಿಗಿಯಬೇಕಾದ ಅಡ್ಡಗಂಬದ ಹತ್ತಿರ ಬಂದು ಗಕ್ಕನೆ ನಿಂತುಬಿಡುತ್ತಿತ್ತು. ಹಿಂದಿನ ಎಡಗಾಲು ಎಳೆಯುತ್ತಿತ್ತು. ಎಕ್ಸ್‌ರೇ ತೆಗೆಸಿದರು, ಜೀನು ಬದಲಿಸಿದರು... ಏನೂ ಗೊತ್ತಾಗಲಿಲ್ಲ.

ಅವಳ ತಂದೆ ಅರಸ್ ಒಂದು ಕಾಲದ ಹೆಸರಾಂತ ಸವಾರ. ಮೊಣಕಾಲು ಮುರಿದು ತಾವು ಅರ್ಧಕ್ಕೆ ಬಿಟ್ಟಿದ್ದನ್ನು ಮಗಳು ಮುಗಿಸಬೇಕು ಎಂಬುದೊಂದೇ ಅವರ ಆಸೆ.

"ಈ ಕುದುರೆ ಕೈಕೊಡ್ತಮ್ಮಾ. ವಾಪಸ್ ಕಳಿಸಿ ಬೇರೆ ತರೋಣ."

"ಒಂದೇ ಒಂದು ಚಾನ್ಸ್ ಕೊಡಿ ಅಪ್ಪಾಜಿ... ಫಿಲೋಮಿನಾ ಮೇಡಂಗೆ ತೋರಿಸೋಣ."

ಅಂಗಲಾಚಿದಳು; ಅರಸ್ ಒಪ್ಪಿದರು. ಆದರೆ ಅವಳೊಳಗೆ ಇನ್ನೊಂದು ಗುಟ್ಟಿತ್ತು...

ಎರಡು ತಿಂಗಳ ಹಿಂದೆ ಒಬ್ಬಳೇ ಅಭ್ಯಾಸ ಮಾಡುವಾಗ ಬಿದ್ದಿದ್ದಳು. ಬಲಗಡೆ ಸೊಂಟ ಅಡ್ಡಗಂಬಕ್ಕೆ ಬಡಿದಿತ್ತು. ಮಣ್ಣು ಕೊಡವಿಕೊಂಡು ಮತ್ತೆ ಹತ್ತಿದ್ದಳು.

ಹೇಳಿದರೆ ಡಾಕ್ಟರು ರೆಸ್ಟ್ ಅನ್ನುತ್ತಾರೆ. ಅಪ್ಪಾಜಿಯ ಮುಖ ನೋಡುವುದು ಹೇಗೆ?

ಬೆಳಿಗ್ಗೆ ಮಾತ್ರೆ ನುಂಗುವಳು. ಹಲ್ಲು ಕಚ್ಚಿ ಕುದುರೆ ಹತ್ತುವಳು. "ಹೇಗಿದೀಯಮ್ಮಾ?" ಅಂದರೆ "ಚೆನ್ನಾಗಿದೀನಿ" ಅನ್ನುವಳು. ದಿನ ಕಳೆದಷ್ಟೂ ಆ ಸುಳ್ಳಿನಿಂದ ಹೊರಬರುವ ದಾರಿಯೇ ಮುಚ್ಚಿಹೋಗುತ್ತಿತ್ತು...

ಫಿಲೋಮಿನಾ ಮೇಡಂ ಕುದುರೆಗಳಿಗೆ ಫಿಸಿಯೋಥೆರಪಿ ಮಾಡುವವರು. ಮೆಷೀನ್ ಇಲ್ಲ, ಬರಿಗೈ.

ಬಾದಲ್‌ನ ಕುತ್ತಿಗೆಯಿಂದ ಅಂಗೈ ಜಾರಿಸುತ್ತಾ ಬಂದರು. ಜೀನಿನ ಹಿಂದೆ, ಎಡಗಡೆ ಹೆಬ್ಬೆರಳು ಒತ್ತಿದ ಕೂಡಲೇ ಬಾದಲ್ ಕುಗ್ಗಿಹೋಯಿತು.

"ಇಲ್ಲಿ ಕಲ್ಲಿನ ಥರ ಗಂಟು ಕಟ್ಟಿದೆ ನೋಡು."

ಅರ್ಧ ಗಂಟೆ ತಾಳ್ಮೆಯಿಂದ ನೀವಿದರು. ಬಾದಲ್ ತಲೆ ತಗ್ಗಿಸಿ, ದೊಡ್ಡದಾಗಿ ಆಕಳಿಸಿತು. ಗಂಟು ಸಡಿಲವಾಗಿತ್ತು.

ಮರುದಿನ ಸವಾರಿ ಮುಗಿದ ಮೇಲೆ ನೋಡಿದರೆ... ಅದೇ ಜಾಗದಲ್ಲಿ ಅದೇ ಗಂಟು! ಮೂರು ದಿನವೂ ಇದೇ ಕಥೆ.

ನಾಲ್ಕನೇ ದಿನ ಮೇಡಂ ಮೈದಾನದಲ್ಲಿ ನಿಂತು ಅವಳ ಸವಾರಿಯನ್ನೇ ನೋಡಿದರು. ಆಮೇಲೆ ಲಾಯದಲ್ಲಿ ಅವಳ ಕೈ ಹಿಡಿದು ಆ ಗಂಟಿನ ಮೇಲೆ ಇಟ್ಟರು.

"ಇದು ಕುದುರೆ ದೋಷ ಅಲ್ಲ ಮಗಳೇ. ನಿನ್ನ ಭಾರ ಎಲ್ಲಾ ಎಡಕ್ಕೇ ಬೀಳ್ತಿದೆ. ಬಲಗಡೆ ನಿನಗೇನಾಗಿದೆ?"

ಇಂದುಶ್ರೀ ಕೈ ಹಿಂದಕ್ಕೆಳೆದುಕೊಂಡಳು. ತನ್ನ ನೋವು ತನ್ನೊಬ್ಬಳದೇ ಅಂದುಕೊಂಡಿದ್ದಳು... ಇಷ್ಟು ದಿನ ಅದನ್ನು ಈ ಮೂಕಪ್ರಾಣಿ ಹೊರುತ್ತಿತ್ತು!

"ಏ... ಏನಿಲ್ಲ ಮೇಡಂ. ಚೆನ್ನಾಗಿದೀನಿ."

ಅಷ್ಟರಲ್ಲಿ ಅರಸ್ ಒಳಗೆ ಬಂದರು.

"ಗಾಡಿಗೆ ಹೇಳಿದೀನಿ. ನಾಳೆ ಬೆಳಿಗ್ಗೆ ಬಾದಲ್‌ನ ಕರ್ಕೊಂಡು ಹೋಗ್ತಾರೆ."

ಮೇಡಂ ಇಂದುಶ್ರೀಯನ್ನೇ ನೋಡಿದರು.

ಒಂದು ಕಡೆ ಅಪ್ಪಾಜಿ. ಇನ್ನೊಂದು ಕಡೆ ಬಾದಲ್. ಅವಳು ಬಾದಲ್‌ನ ಕುತ್ತಿಗೆ ತಬ್ಬಿಕೊಂಡಳು...

"ಅಪ್ಪಾಜಿ... ಕುಂಟ್ತಿರೋದು ಬಾದಲ್ ಅಲ್ಲ. ನಾನು."

ಅರಸ್ ದಂಗಾದರು. "ಎರಡು ಹೆಜ್ಜೆ ನಡಿ ನೋಡೋಣ."

ಎರಡು ತಿಂಗಳಲ್ಲಿ ಮೊದಲ ಸಲ ಅವಳು ನೋವನ್ನು ಬಚ್ಚಿಡದೆ ನಡೆದಳು.

ಅವರು ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು.

"ಕುದುರೆ ಕುಂಟೋದನ್ನ ಅಷ್ಟು ದೂರದಿಂದ ಕಂಡುಹಿಡೀತೀನಿ ನಾನು... ಒಂದೇ ಮನೇಲಿರೋ ಮಗಳು ಕುಂಟೋದು ಕಾಣ್ಲಿಲ್ವಲ್ಲಮ್ಮಾ!"

ಸ್ಕ್ಯಾನ್ ಮಾಡಿಸಿದಾಗ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು. ನಾಲ್ಕು ತಿಂಗಳು ಸವಾರಿ ಬಂದ್. ಆ ವರ್ಷದ ಸ್ಪರ್ಧೆ ತಪ್ಪಿತು.

ಗಾಡಿ ಬರಲಿಲ್ಲ. ಮೇಡಂ ವಾರಕ್ಕೆ ಎರಡು ಸಲ ಬಂದು ಬಾದಲ್‌ನ ಬೆನ್ನು ನೀವಿದರು. ಅಂಗೈ ಹೇಗಿಡಬೇಕು, ಎಲ್ಲಿ ಒತ್ತಬೇಕು ಎಂದು ಇಂದುಶ್ರೀಗೂ ಕಲಿಸಿದರು. ತಿಂಗಳೊಳಗೆ ಬಾದಲ್ ಕಾಲೆಳೆಯುವುದನ್ನು ಬಿಟ್ಟಿತು.

ಈಗ ಅರಸ್ ದಿನಾ ಮಗಳ ಪಕ್ಕ ಕೂತು ಕೇಳುತ್ತಾರೆ, "ಇವತ್ತು ನೋವಿದ್ಯಾ?"

"ಇದೆ ಅಪ್ಪಾಜಿ... ನಿನ್ನೆಗಿಂತ ಸ್ವಲ್ಪ ಕಮ್ಮಿ."

ಹಾಗೆ ಹೇಳುವಾಗ ಅವಳಿಗೆ ಅಳು ಬರುತ್ತದೆ... ಹಗುರವೂ ಆಗುತ್ತದೆ.

ನಾವು ಮುಚ್ಚಿಟ್ಟ ನೋವನ್ನು, ನಮ್ಮನ್ನು ಪ್ರೀತಿಸುವ ಯಾರೋ ಸದ್ದಿಲ್ಲದೆ ಹೊರುತ್ತಿರುತ್ತಾರೆ.

ನಿಮ್ಮ ಮನೆಯಲ್ಲಿ "ಚೆನ್ನಾಗಿದೀನಿ" ಅಂದವರನ್ನು, ಇನ್ನೊಂದು ಸಲ ನಿಧಾನವಾಗಿ ಕೇಳಿ ನೋಡಿದ್ದೀರಾ?