ಹಣೆಯ ಮೂರು ಗೆರೆ

ಫೋಟೊ ನೋಡಿದ್ದೇ ಟೀಚರಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಇದು ಯಾರೋ?"

"ನಿಮ್ಮ ತಂದೆಯವರೇ ಅಲ್ವಾ ಟೀಚರ್!" ಸ್ಟುಡಿಯೊದವನು ಒಂದು ಕಾಲದಲ್ಲಿ ಅವರ ಕೈಯಲ್ಲೇ ಅಕ್ಷರ ಕಲಿತವನು. ಹಳೆಯ ಫೋಟೊಗಳನ್ನು ಕುಂಚ ಹಿಡಿದು ತಿದ್ದುವುದರಲ್ಲಿ ಪಳಗಿದ ಕೈ. "ಬೂಷ್ಟು ತೆಗೆದೆ, ಮಡಿಕೆ ಮುಚ್ಚಿದೆ. ಹಣೆ ಮೇಲೆ ಮೂರು ಗೀರು ಬಿದ್ದಿತ್ತು, ಅದನ್ನೂ ಅಳಿಸಿದೆ. ಈಗ ಮದುಮಗನ ಹಾಗೆ ಕಾಣ್ತಾರೆ ನೋಡಿ."

"ಅದು ಗೀರಲ್ಲವೋ ಪುಣ್ಯಾತ್ಮ, ನಾಮ! ನಮ್ಮಪ್ಪನ ನಾಮ ಅಳಿಸಿ ನನಗೆ ನಾಮ ಹಾಕಿಬಿಟ್ಟೆಯಲ್ಲೋ!"

ಬಾಯಲ್ಲಿ ತಮಾಷೆ ಬಂದರೂ ಕಣ್ಣು ತುಂಬಿತ್ತು. ಅಪ್ಪನದೆಂದು ಉಳಿದಿದ್ದ ಫೋಟೊ ಅದೊಂದೇ. ಅವನು ಕೈಯಾಡಿಸಿದ್ದು ನಕಲಿನ ಮೇಲಲ್ಲ, ಅದರ ಮೇಲೆಯೇ. ಬರಿ ಹಣೆಯ ಆ ಮನುಷ್ಯ ಬೇರೆ ಯಾರದೋ ಅಪ್ಪನಂತೆ ಕಂಡ.

ಸ್ಟುಡಿಯೊದವನು ಇಂಗು ತಿಂದ ಮಂಗನಂತಾದ. "ಮತ್ತೆ ಬರೀತೀನಿ ಟೀಚರ್. ಹೇಗೆ ಹಾಕ್ತಾರೆ ಹೇಳಿ. ನಮ್ಮ ಪೈಕಿ ಯಾರೂ ಹಾಕಲ್ಲ, ನನಗೆ ಗೊತ್ತಿಲ್ಲ."

"ನಾವು ವೈಷ್ಣವರಪ್ಪ, ವಿಷ್ಣುವೇ ಎಲ್ಲಕ್ಕಿಂತ ದೊಡ್ಡವನು ಅಂತ ನಂಬಿದವರು. ಆ ಕಡೆ ಈ ಕಡೆ ಬಿಳಿ ಗೆರೆ ಇರುತ್ತಲ್ಲ, ಅದು ಅವನ ಪಾದ. ನಡುವಿನ ಕೆಂಪು ಗೆರೆ ಲಕ್ಷ್ಮಿ. ಆ ಪಾದ ಹಿಡಿದು ಶರಣು ಅಂದ್ರೆ ಆಯ್ತು, ಆಮೇಲಿನ ಚಿಂತೆ ಅವನದ್ದು. ಲೋಕಕ್ಕೆ ಕಷ್ಟ ಬಂದಾಗೆಲ್ಲ ಏನಾದರೊಂದು ರೂಪ ತಾಳಿ ಇಳಿದು ಬರ್ತಾನೆ ಅಂತಿದ್ದರು ಅಪ್ಪ."

ಹೇಳುತ್ತ ಹೇಳುತ್ತ ಟೀಚರಮ್ಮ ಏಳು ವರ್ಷದವರಾದರು. ಬೆಳಗ್ಗೆ ಸ್ನಾನ ಮುಗಿಸಿ ಅಪ್ಪ ಮಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ತಮ್ಮ ಹಣೆಗೆ ಗೆರೆ ಎಳೆದುಕೊಳ್ಳುತ್ತಲೇ ದಿನಕ್ಕೊಂದು ಅವತಾರದ ಕತೆ. ಮೀನಿನ ಕತೆಗೆ ಕೆನ್ನೆ ಉಬ್ಬಿಸುವರು, ಹಂದಿಯ ಕತೆಗೆ ಮೂಗು ಮೇಲೆತ್ತಿ ಗುರ್ರ್ ಎನ್ನುವರು. ಅಂಥ ಬೆಳಗು ಮತ್ತೆ ಅವರ ಬಾಳಿನಲ್ಲಿ ಬರಲೇ ಇಲ್ಲ.

"ಕುಂಚ ಇಲ್ಲಿ ಕೊಡು."

"ಬೇಡ ಟೀಚರ್, ಕೈ ನಡುಗಿದರೆ ಫೋಟೊನೇ ಹಾಳಾಗುತ್ತೆ. ಈ ಕಾಗದ ಇನ್ನೊಂದು ಸಲ ಅಳಿಸೋದನ್ನ ತಡೆಯಲ್ಲ."

"ಕೊಡು ಅಂದ್ನಲ್ಲ."

ಉಸಿರು ಬಿಗಿಹಿಡಿದು ಬಿಳಿ ಗೆರೆ ಎರಡು, ಕಪ್ಪು-ಬಿಳುಪಿನ ಫೋಟೊ ಆದ್ದರಿಂದ ನಡುವೆ ಕೆಂಪಿನ ಬದಲು ಬೂದು ಬಣ್ಣದ್ದೊಂದು ಎಳೆದರು. ಅಪ್ಪ ಬಂದುಬಿಟ್ಟರು. ಟೀಚರಮ್ಮನಿಗೆ ಅಳು ತಡೆಯಲಾಗಲಿಲ್ಲ.

ಸ್ಟುಡಿಯೊದವನು ಕತ್ತು ವಾರೆ ಮಾಡಿ ನೋಡಿದ. "ಎಡಕ್ಕೆ ವಾಲಿದೆ ಟೀಚರ್. ಮೊದಲೂ ಥೇಟ್ ಹೀಗೇ ಇತ್ತು. ನೆಟ್ಟಗಿದ್ದಿದ್ರೆ ಬೇಕಂತಲೇ ಬರೆದದ್ದು ಅಂತ ಬಿಟ್ಟುಬಿಡ್ತಿದ್ದೆ. ಸೊಟ್ಟಗಿತ್ತು, ಅದಕ್ಕೇ ಗೀರು ಅಂದ್ಕೊಂಡೆ. ತಂದೆಯವರಿಗೆ ನೆಟ್ಟಗೆ ಹಾಕ್ಕೊಳ್ಳೋಕೆ ಬರ್ತಿರಲಿಲ್ವಾ?"

"ಬರ್ತಿತ್ತು ಕಣೋ," ಟೀಚರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಎದುರಿಗೆ ಕನ್ನಡಿ ಹಿಡ್ಕೊಂಡಿದ್ದವಳು ನಾನು. ನನಗೆ ನಗು ತಡೀತಿರಲಿಲ್ಲ."