ತಾಟಿನಲ್ಲಿ ಬಿಡಬಾರದು

ಬಸಲಿಂಗವ್ವ ಅವರೆಕಾಯಿ ಸುಲಿಯುತ್ತಿದ್ದಳು. ಚುರುಕಾಗಿ ಸುಲಿದು ಉಳಿಸಿದ ಹೊತ್ತು, ಎಲ್ಲರ ಮನೆಯಲ್ಲೂ ಆಗುವಂತೆ, ಪಕ್ಕದ ಸೀಸೆಯೊಳಗೆ ಎಣ್ಣೆಯ ಹಾಗೆ ತೊಟ್ಟಿಕ್ಕುತ್ತಿತ್ತು. ಮ್ಯಾನೇಜ್‌ಮೆಂಟ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೊತ್ತನ್ನು ಮನೆಯಿಂದಲೇ ಒಯ್ಯಬೇಕು. ಒಬ್ಬರಿಗೆ ಒಂದೇ ಸೀಸೆ, ಎಲ್ಲ ವಿಭಾಗಕ್ಕೂ ಅದೇ.

ಸೊಸೆ ನೀಲಗಂಗಾ ಎದುರಿಗೇ ಕೂತು ಮಾದರಿ ಪರೀಕ್ಷೆ ಬರೆಯುತ್ತಿದ್ದಳು. ಓದಿನ ವಿಭಾಗ ಸರಾಗವಾಗಿ ಮುಗಿಯಿತು. ಕೋಷ್ಟಕಗಳ ವಿಭಾಗದಲ್ಲಿ ಕಗ್ಗಂಟಿನ ಪ್ರಶ್ನೆಯೊಂದು ಎದುರಾದದ್ದೇ ತಡ, ತನ್ನ ಸೀಸೆ ಬಗ್ಗಿಸಿ ಅದಕ್ಕೇ ಹೊತ್ತು ಸುರಿಯತೊಡಗಿದಳು. ಪ್ರತಿಸಲವೂ ಹೀಗೇ ಸುರಿದು ಗಣಿತಕ್ಕೆ ಹನಿಯೂ ಉಳಿಯುತ್ತಿರಲಿಲ್ಲ. ಆ ಅಂಜಿಕೆಗೇ ಎರಡು ವರ್ಷದಿಂದ ಅರ್ಜಿ ಕಳಿಸಿರಲಿಲ್ಲ. ಈ ಸಲಕ್ಕೆ ಇವತ್ತೇ ಕೊನೆಯ ದಿನ.

"ಅದನ್ನ ಬಿಟ್ಟು ಮುಂದ ಹೋಗವ್ವಾ," ಎಂದಳು ಬಸಲಿಂಗವ್ವ.

"ಹೆಂಗ ಬಿಡ್ಲಿ ಅತ್ತಿ? ಮುಂದ ಬಂದದ್ದನ್ನ ಬಿಟ್ಟು ಏಳಬಾರದಂತ ನೀವ ಕಲಿಸೀರಿ. ಹೊಸದಾಗಿ ಬಂದಾಗ ಒಂದ ತುತ್ತು ಬಿಟ್ಟಿದ್ದಕ್ಕ ಎಷ್ಟ ಬೈದಿದ್ರಿ!"

ಬಸಲಿಂಗವ್ವನಿಗೆ ನಗು ತಡೆಯಲಾಗಲಿಲ್ಲ. "ಅದು ತಾಟಿನ ಮಾತು, ಹುಚ್ಚಿ! ಈ ಪ್ರಶ್ನೀನೂ ನಾನ ಮಾಡಿ ಬಡಿಸೀನೇನು? ಬಿಡು. ಪಾಪ ಹತ್ತಿದ್ರ ನನಗ ಹತ್ತಲಿ."

ನೀಲಗಂಗಾ ಸೀಸೆಯನ್ನು ನೆಟ್ಟಗೆ ಮಾಡಿದಳು. ಆ ಪ್ರಶ್ನೆ ಬಿಟ್ಟು ಹಾಳೆ ತಿರುವಿದಳು. ಗಣಿತದ ಕೊನೆಯ ಲೆಕ್ಕ ಮುಗಿದಾಗ ಸೀಸೆಯ ತಳದಲ್ಲಿ ಹೊತ್ತು ಇನ್ನೂ ಮಿನುಗುತ್ತಿತ್ತು.

"ಉಳೀತು ಅತ್ತಿ! ಆ ಕಗ್ಗಂಟಿಗೆ ಮತ್ತ ಹೋಗ್ಲಾ?"

"ಬ್ಯಾಡ. ಅಂಚೆ ಕಚೇರಿ ಮುಚ್ಚೂದ್ರಾಗ ಹೋಗಿ ಅರ್ಜಿ ಹಾಕಾಕ ಅಷ್ಟ ಸಾಕು. ಏಳು!"

ಸಿಪ್ಪೆಯನ್ನು ಹಾಗೇ ಬಿಟ್ಟು ಇಬ್ಬರೂ ಓಡಿದರು. ನೀಲಗಂಗಾ ಅರ್ಜಿಯ ಲಕೋಟೆಯನ್ನು ಅಂಚೆ ಡಬ್ಬಿಯೊಳಗೆ ತಳ್ಳಿ, ಅದು ತಳಕ್ಕೆ ಬಿದ್ದ ಸದ್ದು ಕೇಳುವ ತನಕ ಅಲ್ಲೇ ನಿಂತಳು.